ಸಾರವಿಲ್ಲದ ಸಾರಾಂಶ

'ಸಾರಾಂಶ' ಎಂಬ ಒಳ್ಳೆಯ ಮಾತನ್ನು ಕೆಡಿಸಿದವರು ಯಾರು ಎಂದು ಕೇಳಿದರೆ, ಗೈಡು ಅಚ್ಚು ಹಾಕುವವರು ಮತ್ತು ಆ ಗೈಡನ್ನೇ ಬೋರ್ಡಿಗೆ ಇಳಿಸುವ ನಮ್ಮ ಮೇಷ್ಟ್ರುಗಳು, ಟೀಚರುಗಳು ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಪದ್ಯದ ಸಾರಾಂಶ ಕೇಳುವುದು, ಮಗುವಿಗೆ ಪದ್ಯ ತಿಳಿದಿದೆಯೇ ಎಂದು ನೋಡುವುದಕ್ಕೆ. ಆದರೆ ನಡೆಯುವುದೇನು? ಯಾರೋ ತಿಳಿದುಕೊಂಡದ್ದನ್ನು ಮಗು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಉಂಡವರು ಒಬ್ಬರು, ತೇಗುವವರು ಇನ್ನೊಬ್ಬರು!

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಪಾಠ ಹೇಳಿದವಳು ನಾನು. ನಮ್ಮ ಮಕ್ಕಳು ಗಡಗಡನೆ ಓದುತ್ತಾರೆ. 'ಏನು ಹೇಳಿದ್ದಾರಪ್ಪಾ ಇದರಲ್ಲಿ?' ಎಂದರೆ ಓದಿದ ಸಾಲನ್ನೇ ಇನ್ನೊಮ್ಮೆ ಓದುತ್ತಾರೆ. 2022ರ 'ಅಸರ್' ಸಮೀಕ್ಷೆಯಂತೆ ಗ್ರಾಮೀಣ ಭಾರತದ ಐದನೆಯ ತರಗತಿಯಲ್ಲಿ, ಎರಡನೆಯ ತರಗತಿಯ ಪಾಠ ಓದಬಲ್ಲವರು ಶೇಕಡಾ 42.8 ಮಾತ್ರ. ಇದು ಬರೀ ಓದಿನ ಲೆಕ್ಕ. ಅರ್ಥವಾಗುವುದರ ಲೆಕ್ಕ ಬೇರೆಯೇ ಇದೆ.

ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನವನ್ನೇ ತೆಗೆದುಕೊಳ್ಳಿ. ಮಯೂರಶರ್ಮ ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ ಹೋದದ್ದು, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ಮುಂದೆ ರಾಜ್ಯ ಕಟ್ಟಿದ್ದು ಎಲ್ಲವೂ ಅದರಲ್ಲಿದೆ. ಗೈಡಿನ ಮಗು ಇದನ್ನು ಹೆಸರು, ಊರುಗಳ ಸಮೇತ ಅರ್ಧ ಪುಟ ಬರೆಯುತ್ತದೆ. ಅರ್ಥ ಮಾಡಿಕೊಂಡ ಮಗು, 'ಓದಲು ಹೋದವನು ಅವಮಾನ ತಡೆಯಲಾರದೆ ಕತ್ತಿ ಹಿಡಿದು ರಾಜನಾದ' ಎಂದು ಒಂದೇ ಸಾಲು ಬರೆಯುತ್ತದೆ. 'ತಡೆಯಲಾರದೆ' ಎಂಬ ಆ ಒಂದು ಮಾತಿನಲ್ಲಿ ಕಾರಣವಿದೆ. ಕಾರಣ ಹಿಡಿದ ಮಗುವಿಗೆ ಪಾಠ ದಕ್ಕಿತು. ಆದರೆ ನಾವು ಅಂಕ ಕೊಡುವುದು ಅರ್ಧ ಪುಟಕ್ಕೆ!

ಇದಕ್ಕೆ ದುಡ್ಡು ಬೇಡ, ಯಂತ್ರ ಬೇಡ. ಒಂದು ಪ್ಯಾರಾ ಓದಿಸಿ, ಪುಸ್ತಕ ಮುಚ್ಚಿಸಿ. ಯಾರು, ಏನಾಯಿತು, ಯಾಕಾಯಿತು ಎಂದು ಪಕ್ಕದವರಿಗೆ ಮನೆಮಾತಿನಲ್ಲೇ ಹೇಳಲಿ. ಆಮೇಲೆ ಮೂರೇ ವಾಕ್ಯ ಬರೆಯಲಿ. ಕೊನೆಗೆ ಪುಸ್ತಕ ತೆರೆದು, ಮುಖ್ಯವಾದದ್ದು ಬಿಟ್ಟುಹೋಯಿತೇ, ಇಲ್ಲದ್ದು ಸೇರಿತೇ ಎಂದು ತಾವೇ ನೋಡಿಕೊಳ್ಳಲಿ. ಉದಾಹರಣೆ, ವರ್ಣನೆಗಳನ್ನು ಬಿಡುವ ಧೈರ್ಯ ಬಂದರೆ ಅರ್ಧ ಗೆದ್ದಂತೆ. 1984ರಲ್ಲಿ ಅಮೆರಿಕದ ಪಾಲಿನ್‌ಸರ್ ಮತ್ತು ಬ್ರೌನ್ ಎಂಬ ಇಬ್ಬರು ವಿದುಷಿಯರು ಓದು ಹಿಂದುಳಿದ ಮಕ್ಕಳಿಗೆ ಹೇಳಿಕೊಟ್ಟ ನಾಲ್ಕು ಅಭ್ಯಾಸಗಳಲ್ಲಿ ಸಾರ ಹೇಳುವುದೂ ಒಂದು. ಪ್ರಶ್ನೆ ಕೇಳುವುದು, ತೊಡಕು ಬಿಡಿಸುವುದು, ಮುಂದೇನೆಂದು ಊಹಿಸುವುದು ಉಳಿದ ಮೂರು. ಮಕ್ಕಳ ಓದು ಸುಧಾರಿಸಿತು.

'ಸಿಲಬಸ್ ಮುಗಿಯಬೇಡವೇ?' ಎನ್ನುತ್ತಾರೆ ಸಹೋದ್ಯೋಗಿಗಳು. ಸಿಲಬಸ್ ಮುಗಿಯುವುದು ಯಾರಿಗೆ? ನೋಟ್ಸು ಬರೆಸಲು ಮುಕ್ಕಾಲು ಗಂಟೆ ಸಿಗುವಾಗ ಮೂರು ವಾಕ್ಯಕ್ಕೆ ಹತ್ತು ನಿಮಿಷ ಸಿಗದೇ? 'ಮಕ್ಕಳು ತಪ್ಪು ಬರೆಯುತ್ತಾರೆ' ಎನ್ನುವವರೂ ಉಂಟು. ಬರೆಯಲಿ! ಮಗುವಿನ ತಪ್ಪು ಸಾರಾಂಶ ಅದಕ್ಕೆ ಎಲ್ಲಿ ತಿಳಿಯಲಿಲ್ಲ ಎಂದು ತೋರಿಸುತ್ತದೆ. ಗೈಡಿನ ಸರಿಯಾದ ಸಾರಾಂಶ ಏನನ್ನೂ ತೋರಿಸುವುದಿಲ್ಲ.

ತಾಯಂದಿರೇ, ನಿಮಗೂ ಒಂದು ಮಾತು. ನಿನ್ನೆಯ ಧಾರಾವಾಹಿ ತಪ್ಪಿಸಿಕೊಂಡ ಪಕ್ಕದ ಮನೆಯವರಿಗೆ ಅರ್ಧ ಗಂಟೆಯ ಕಥೆಯನ್ನು ಎರಡು ಮಾತಿನಲ್ಲಿ ಹೇಳಬಲ್ಲವರು ನೀವು. ಅದೇ ಸಾರಾಂಶ. ಮಗಳು ಎಷ್ಟು ಪುಟ ಬರೆದಳು ಎಂದು ನೋಡಬೇಡಿ. ರೊಟ್ಟಿ ತಟ್ಟುತ್ತಲೇ, 'ಇವತ್ತಿನ ಪಾಠದಲ್ಲಿ ಏನಿತ್ತೇ?' ಎಂದು ಕೇಳಿ. ಗೈಡಿಗೆ ಕೊಡುವ ದುಡ್ಡಿನಲ್ಲಿ ಒಂದು ಕಥೆ ಪುಸ್ತಕ ಕೊಡಿಸಿ.

ಇದು ಅಂಕದ ಮಾತಲ್ಲ. ನಾಳೆ ಅದೇ ಹುಡುಗಿ ಸಂಘದ ಸಾಲದ ಪತ್ರ, ಆಸ್ಪತ್ರೆಯ ಒಪ್ಪಿಗೆ ಪತ್ರ, ಆಸ್ತಿಯ ಹಕ್ಕು ಬಿಡುವ ಪತ್ರ ಕೈಯಲ್ಲಿ ಹಿಡಿಯುತ್ತಾಳೆ. ಅವುಗಳಿಗೆ ಗೈಡಿಲ್ಲ. ಅಕ್ಷರ ಬಂದೂ ಅರ್ಥವಾಗದೆ, 'ಇಲ್ಲಿ ಸೈನ್ ಹಾಕಮ್ಮ' ಎಂದವರ ಬೆರಳು ತೋರಿದಲ್ಲಿ ಅವಳು ಸೈನ್ ಹಾಕುವುದಾದರೆ, ಹಿಂದಿನವರ ಹೆಬ್ಬೆಟ್ಟಿಗೂ ಇವಳ ಸಹಿಗೂ ಏನು ವ್ಯತ್ಯಾಸ?