ಅಕ್ಷರವೂ ಬೈಟೂ

ಕ್ಷರವಲ್ಲದುದು, ಎಂದರೆ ನಾಶವಿಲ್ಲದುದು, ಅಕ್ಷರವೆಂದು ಪ್ರಾಜ್ಞರು ವ್ಯುತ್ಪತ್ತಿ ಹೇಳುತ್ತಾರೆ. ಗಣಕಯಂತ್ರವನ್ನು ಹೊಕ್ಕ ಕನ್ನಡದ ಅಕ್ಷರವಾದರೋ ಒಡೆಯುತ್ತದೆ, ತುಂಡಾಗುತ್ತದೆ, ಒಮ್ಮೊಮ್ಮೆ ಗುರುತೇ ಸಿಗದಂತೆ ಅಳಿದುಹೋಗುತ್ತದೆ. ಯಂತ್ರದ ದೋಷವೆಂದು ಭಾಷಾಧ್ಯಾಪಕರೂ, ಲಿಪಿಯ ದೋಷವೆಂದು ಗಣಕದ ಅಧ್ಯಾಪಕರೂ ಹೇಳಿ ಸುಮ್ಮನಾಗುವುದು ರೂಢಿಯಾಗಿದೆ. ಇಬ್ಬರ ಮಾತೂ ಸರಿಯಲ್ಲ.

ಯಂತ್ರವು ಬಲ್ಲದ್ದು ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಜ್ಞೆಗಳನ್ನು. ಅಂತಹ ಎಂಟು ಸಂಜ್ಞೆಗಳ ಕಟ್ಟಿಗೆ ಬೈಟ್ ಎಂದು ಹೆಸರು. ಛಂದಸ್ಸನ್ನು ಓದಿದವರಿಗೆ ಇದು ತೀರ ಹೊಸದಾಗಿ ತೋರಬೇಕಾಗಿಲ್ಲ. ಲಘು ಗುರುಗಳೆಂಬ ಎರಡನ್ನೇ ಇಟ್ಟುಕೊಂಡು ಪ್ರಸ್ತಾರ ಹಾಕಿದರೆ ಮೂರಕ್ಷರಕ್ಕೆ ಎಂಟು ಗಣಗಳು ಹುಟ್ಟುತ್ತವೆ. ಎಂಟಕ್ಷರದ ಪಾದಕ್ಕೆ 256 ಭೇದಗಳು. ಒಂದು ಬೈಟಿನಲ್ಲಿ ಹಿಡಿಯುವ ಬೆಲೆಗಳೂ 256. ಹಾಗೆಂದು ಪಿಂಗಲನೇ ಗಣಕವನ್ನು ಕಂಡುಹಿಡಿದನೆಂದು ಎದೆಯುಬ್ಬಿಸುವುದು ಬೇಡ. ಲೆಕ್ಕದ ದಾರಿ ಒಂದೇ ಎಂಬಷ್ಟನ್ನು ಮಕ್ಕಳಿಗೆ ತೋರಿಸಿದರೆ ಸಾಕು.

ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಲುತ್ತದೆ. ಕನ್ನಡಕ್ಕೆ 1991ರ ಯೂನಿಕೋಡ್ ಪಟ್ಟಿಯಲ್ಲಿ 128 ಸ್ಥಾನಗಳ ವಿಭಾಗವೊಂದು ದೊರೆಯಿತು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಕ್ರಮದಲ್ಲಿ ಅವುಗಳಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್. ‘ಕ’ ಎಂಬುದು 224, 178, 149 ಎಂಬ ಮೂರು ಸಂಖ್ಯೆಗಳಾಗಿ ಕುಳಿತುಕೊಳ್ಳುತ್ತದೆ. ಗುಣಿತಚಿಹ್ನೆಗಳಿಗೂ ವ್ಯಂಜನವನ್ನು ಅರ್ಧವಾಗಿಸುವ ಚಿಹ್ನೆಗೂ ಪ್ರತ್ಯೇಕ ಸ್ಥಾನಗಳು. ಅವಕ್ಕೂ ಮೂರು ಮೂರೇ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ‘ಮಧುಗಿರಿ’ಯಲ್ಲಿ ಎಷ್ಟು ಅಕ್ಷರ? ಒಂದನೆಯ ತರಗತಿಯ ಮಗು ನಾಲ್ಕೆನ್ನುತ್ತದೆ. ಸಿ, ಗೋ, ರಸ್ಟ್ ಎಂಬ ಭಾಷೆಗಳಲ್ಲಿ ಆ ಕ್ರಮದ ಪಠ್ಯದ ಉದ್ದವನ್ನು ಕೇಳಿದರೆ 21 ಎಂದು ಉತ್ತರ. ಅವು ಬೈಟುಗಳನ್ನು ಎಣಿಸುತ್ತವೆ. ಜಾವಾ ಮತ್ತು ಈಗಿನ ಪೈಥಾನ್ 7 ಎನ್ನುತ್ತವೆ. ಅವುಗಳ ಎಣಿಕೆಯಲ್ಲಿ ಗುಣಿತಚಿಹ್ನೆಯೂ ಒಂದು. ಸ್ವಿಫ್ಟ್ ಮಗುವಿನಂತೆಯೇ 4 ಎನ್ನುತ್ತದೆ. ‘ಶಿರಾ’ಕ್ಕೆ 12, 4, 2, ‘ಪಾವಗಡ’ಕ್ಕೆ 15, 5, 4. ಯಾವ ಉತ್ತರವೂ ಸುಳ್ಳಲ್ಲ, ಎಣಿಸುವ ವಸ್ತು ಬೇರೆ. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯು ಪಠ್ಯವನ್ನೂ ಬೈಟುಗಳನ್ನೂ ಎರಡು ಜಾತಿಗಳೆಂದು ಕಟ್ಟುನಿಟ್ಟಾಗಿ ಬೇರ್ಪಡಿಸಿದ್ದು ಈ ಗೊಂದಲವನ್ನು ಕಳೆಯುವುದಕ್ಕಾಗಿಯೇ.

ಕಷ್ಟವು ನಿಜವಾಗಿ ಕಾಣುವುದು ‘ಕೊರಟಗೆರೆ’ಯಲ್ಲಿ. ಅದಕ್ಕೆ 24 ಬೈಟ್. ನಮೂನೆಯೊಂದರಲ್ಲಿ ಊರಿನ ಹೆಸರಿಗೆ ಇಪ್ಪತ್ತೇ ಬೈಟಿನ ಜಾಗವನ್ನಿಟ್ಟು, ಮಿಕ್ಕುದನ್ನು ಯಂತ್ರ ಕತ್ತರಿಸಿದರೆ ಉಳಿಯುವುದು ‘ಕೊರಟಗೆ’ ಮತ್ತು ರಕಾರದ ಮೂರರಲ್ಲಿ ಎರಡು ಬೈಟ್. ಆ ಅರೆಜೀವದ ತುಂಡು ಪರದೆಯ ಮೇಲೆ ಪ್ರಶ್ನಾರ್ಥಕಚಿಹ್ನೆಯಾಗಿ ಮೂಡುತ್ತದೆ. ಇನ್ನೂ ಸೂಕ್ಷ್ಮವಾದ ತೊಡಕೊಂದುಂಟು. ‘ಕೊ’ ಎಂಬುದರ ಒಕಾರವನ್ನು ಒಂದೇ ಚಿಹ್ನೆಯಾಗಿ ಇಡಬಹುದು. ಎತ್ವ ಮತ್ತು ಊಕಾರದ ಚಿಹ್ನೆಗಳೆರಡನ್ನು ಜೋಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಬೈಟುಗಳಲ್ಲಿ ಒಂದು 24, ಇನ್ನೊಂದು 27. ಪೈಥಾನಿನಲ್ಲಿ ಇವನ್ನು ನೇರವಾಗಿ ಹೋಲಿಸಿದರೆ ಎರಡು ಬೇರೆ ಊರುಗಳೆಂದೇ ತೀರ್ಪು. ಎರಡನ್ನೂ ಒಂದು ರೂಪಕ್ಕೆ ತರುವ ವಿಧಿ ಆ ಭಾಷೆಯಲ್ಲಿಯೇ ಇದೆ, ಜಾವಾದಲ್ಲಿಯೂ ಇದೆ. ಅದನ್ನು ಬಳಸಬೇಕೆಂದು ತಿಳಿಯದವನು ಕ್ರಮಲೇಖನ ಬರೆದರೆ ಪಟ್ಟಿಯಲ್ಲಿರುವ ವಿದ್ಯಾರ್ಥಿಯೂ ಇಲ್ಲದವನಾಗುತ್ತಾನೆ.

ಸ್ವಿಫ್ಟಿನಂತಹ ಎಚ್ಚರದ ಭಾಷೆಯೂ ‘ಕನ್ನಡ’ ಎಂಬ ಪದದಲ್ಲಿ ಎಡವುತ್ತದೆ. ಅಕ್ಷರ ಮೂರು, ಅದು ನಕಾರದ ಒತ್ತನ್ನು ಬಿಡಿಸಿ ನಾಲ್ಕೆನ್ನುತ್ತದೆ. 2023ರಲ್ಲಿ ಯೂನಿಕೋಡಿನ 15.1ನೆಯ ಆವೃತ್ತಿಯು ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮವನ್ನು ದೇವನಾಗರಿ, ತೆಲುಗು, ಮಲಯಾಳಂ ಮೊದಲಾದ ಆರು ಲಿಪಿಗಳಿಗೆ ಅನ್ವಯಿಸಿದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ತೆಲುಗಿಗೆ ಸಲ್ಲುವ ನಿಯಮವು ಅದರ ಒಡಹುಟ್ಟಿದ ಲಿಪಿಗೆ ಏಕೆ ಸಲ್ಲಬಾರದೆಂದು ಕೇಳಬೇಕಾದವರು ವ್ಯಾಕರಣ ಬಲ್ಲ ಕನ್ನಡಿಗರು. ಅಂತಹ ಮನವಿಯನ್ನು ಯಾರೂ ಸಲ್ಲಿಸಬಹುದು.

ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಹುಳು ತಿಂದ ಗರಿಯಲ್ಲಿಯೂ ಉಳಿದಷ್ಟನ್ನು ಕಣ್ಣು ಓದಬಲ್ಲುದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ‘ನುಡಿ’, ‘ಬರಹ’ಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದ ಕಡತಗಳಿಗೆ ಆ ಭಾಗ್ಯವೂ ಇಲ್ಲ. ಅವು ತಮ್ಮ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಸೇವೆ ದೊಡ್ಡದು, ಸಂದೇಹವಿಲ್ಲ. ಆದರೆ ರೋಮನ್ ಅಕ್ಷರಗಳ ಬೈಟುಗಳ ಮೇಲೆ ಕನ್ನಡದ ತುಣುಕುಗಳ ಚಿತ್ರ ಹೊದಿಸಿದ್ದರಿಂದ, ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ವಚನವೂ ಅರ್ಥವಿಲ್ಲದ ರೋಮನ್ ಸಾಲಾಗುತ್ತದೆ.

ಮಠಗಳ ಶಾಲೆಗಳಲ್ಲಿ ಹಳೆಯ ಸ್ಮರಣಸಂಚಿಕೆಗಳ ಇಂತಹ ಕಡತಗಳಿದ್ದಲ್ಲಿ ಅವನ್ನು ಈಗಲೇ ಪರಿವರ್ತಿಸಬೇಕು. ಪರಿವರ್ತಕಗಳಿವೆ, ಅವು ಮುಗಿಸಿದ ಮೇಲೂ ಪಂಡಿತರ ಕೆಲಸ ಉಳಿದಿರುತ್ತದೆ. ‘ಸೂರ್ಯ’ ಎಂಬಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ಉಚ್ಚಾರಣೆಯ ಕ್ರಮದಲ್ಲಿ, ಯೂನಿಕೋಡಿನ ಕ್ರಮದಲ್ಲಿಯೂ, ರೇಫವೇ ಮೊದಲು. ಎಲ್ಲಿ ಅದು ಸ್ಥಾನ ತಪ್ಪಿದೆಯೆಂದು ಕಂಡುಹಿಡಿಯಲು ಗಣಕ ಕಲಿಯುವ ಹುಡುಗನೂ ಕನ್ನಡ ಕಲಿಸುವ ಅಧ್ಯಾಪಕರೂ ಒಂದೇ ಪರದೆಯ ಮುಂದೆ ಕುಳಿತುಕೊಳ್ಳಬೇಕಾಗುತ್ತದೆ.