ಔಷಧಿ ಅಂಗಡಿಯಲ್ಲಿ ಹುಟ್ಟಿದ ಕ್ಲಬ್ಬಿನ ಜನ್ಮದಿನ ಯಾವುದು?

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ತೇಜೊ ನದಿಯ ದಡಕ್ಕೆ ಅಂಟಿಕೊಂಡ ಹಳೆಯ ಬಡಾವಣೆ ಬೆಲೆಂ. 1497ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಹೊರಟದ್ದು ಇಲ್ಲಿಂದಲೇ. ಮರುವರ್ಷ ಊರಿಗೆ ಮರಳುವ ಮುನ್ನ ಆತ ಅವನ್ನು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ನಿಲ್ಲಿಸಿ ದುರಸ್ತಿ ಮಾಡಿಸಿಕೊಂಡ. ಅವನ ಸಮಾಧಿ ಈಗ ಬೆಲೆಂನ ಜೆರೊನಿಮೊಸ್ ಮಠದಲ್ಲಿದೆ. ಅಲ್ಲಿಗೆ ತೀರಾ ಹತ್ತಿರದ ಬೆಲೆಂ ಬೀದಿಯಲ್ಲಿ ‘ಫಾರ್ಮಾಸಿಯಾ ಫ್ರಾಂಕೊ’ ಎಂಬ ಔಷಧಿ ಅಂಗಡಿ ಇತ್ತು. 1904ರ ಫೆಬ್ರುವರಿ 28, ಭಾನುವಾರ, 24 ಮಂದಿ ಆ ಅಂಗಡಿಯಲ್ಲಿ ಸೇರಿ ಒಂದು ಫುಟ್‌ಬಾಲ್ ಕ್ಲಬ್ ಕಟ್ಟುವ ತೀರ್ಮಾನಕ್ಕೆ ಬಂದರು. ಹೆಸರು ‘ಸ್ಪೋರ್ಟ್ ಲಿಸ್ಬೋವಾ’. ಅಧ್ಯಕ್ಷರಾಗಿ ಜೊಸೆ ರೋಸಾ ರೊಡ್ರಿಗೆಸ್, ಕಾರ್ಯದರ್ಶಿಯಾಗಿ ದನಿಯೆಲ್ ಬ್ರಿಟೊ, ಖಜಾಂಚಿಯಾಗಿ ಮನುವೆಲ್ ಗೂರ್ಲಾಡ್ ಆಯ್ಕೆಯಾದರು. ಸಭೆಯ ನಡಾವಳಿ ಬರೆದವರು 18 ವರ್ಷದ ಕೋಸ್ಮೆ ದಾಮಿಯಾವ್.

ಇಂದು ಜಗತ್ತು ಬೆನ್ಫಿಕಾ ಎಂದು ಕರೆಯುವ ಕ್ಲಬ್ಬಿನ ಮೊದಲ ಪುಟ ಇದು. ಆದರೆ ಈ ಪುಟವನ್ನು ಒಪ್ಪದವರೂ ಇದ್ದಾರೆ. ‘ಸ್ಪೋರ್ಟ್ ಲಿಸ್ಬೋವಾ ಇ ಬೆನ್ಫಿಕಾ’ ಎಂಬ ಪೂರ್ತಿ ಹೆಸರು ಬಂದದ್ದು 1908ರಲ್ಲಿ, ಎರಡು ಸಂಸ್ಥೆಗಳು ಕೂಡಿದಾಗ. ಹಾಗಾಗಿ ಹುಟ್ಟಿದ ವರ್ಷವೂ ಅದೇ ಎಂಬುದು ಅವರ ವಾದ. ಎದುರಾಳಿ ಕ್ಲಬ್ಬುಗಳ ಅಭಿಮಾನಿಗಳಿಗಂತೂ ಇದು ಕೈಗೆ ಸಿಕ್ಕ ಅಸ್ತ್ರ. ನಾಲ್ಕು ವರ್ಷ ಹಿಂದೆ ಮುಂದೆ ಆದರೆ ಏನು ಮಹಾ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಆ ನಾಲ್ಕು ವರ್ಷಗಳಲ್ಲೇ ಈ ಕ್ಲಬ್ಬು ಸಾಯುವುದರಲ್ಲಿತ್ತು, ಮತ್ತು ಸಾಯಲಿಲ್ಲ. 1908 ಎನ್ನುವವರು ಅಳಿಸಿಹಾಕುವುದು ಅದನ್ನೇ.

ಆಗಿನ ಪೋರ್ಚುಗಲ್ಲಿನಲ್ಲಿ ಫುಟ್‌ಬಾಲ್ ಇಂಗ್ಲಿಷರ ಆಟವಾಗಿತ್ತು. ಇಂಗ್ಲೆಂಡಿನಲ್ಲಿ ಓದಿದ ಶ್ರೀಮಂತ ಮನೆತನದ ಪಿಂಟೊ ಬಾಸ್ಟೊ ಸೋದರರು ತಂದ ಚೆಂಡಿನಿಂದ 1888ರಲ್ಲಿ ಕಶ್ಕಾಯಿಸ್ ಎಂಬ ಕಡಲೂರಿನಲ್ಲಿ ಪ್ರದರ್ಶನದ ಆಟ ನಡೆಯಿತು. ಎರಡೇ ವರ್ಷದಲ್ಲಿ, ಆಫ್ರಿಕದ ನೆಲದ ಜಗಳಕ್ಕಾಗಿ ಬ್ರಿಟನ್ ಪೋರ್ಚುಗಲ್ಲಿಗೆ ಅಂತಿಮ ಎಚ್ಚರಿಕೆ ಕೊಟ್ಟಿತು. ಪೋರ್ಚುಗಲ್ ತಲೆಬಾಗಬೇಕಾಯಿತು. ಆ ಅವಮಾನದ ಬಿಸಿಗೆ ಇಂಗ್ಲಿಷರದೆಂಬ ಎಲ್ಲದರ ಮೇಲೂ ಜನ ಸಿಟ್ಟಾದರು, ಫುಟ್‌ಬಾಲಿಗೂ ಹಿನ್ನಡೆಯಾಯಿತು.

ಲಿಸ್ಬನ್ ಸುತ್ತಮುತ್ತ ಸೋಲಿಲ್ಲದ ತಂಡವೆಂದರೆ ಕಾರ್ಕವೆಲೊಸ್. ನದೀಮುಖದ ಆ ಊರಿನಲ್ಲಿ ಇಂಗ್ಲಿಷ್ ತಂತಿ ಕಂಪನಿಯ ಠಾಣೆ ಇತ್ತು. ಇಂಗ್ಲೆಂಡಿನ ಕರಾವಳಿಯಿಂದ ಕಡಲ ತಳದಲ್ಲಿ ಹೊರಟ ಕೇಬಲ್ ಇಲ್ಲಿ ದಡ ಹತ್ತಿ, ಜಿಬ್ರಾಲ್ಟರ್, ಮಾಲ್ಟಾ, ಸೂಯೆಜ್, ಏಡನ್ ದಾಟಿ 1870ರಲ್ಲಿ ಮುಂಬಯಿ ಮುಟ್ಟಿತ್ತು. ನಮ್ಮ ದೇಶಕ್ಕೆ ಲಂಡನ್ನಿನಿಂದ ಬರುತ್ತಿದ್ದ ತಂತಿಗಳನ್ನು ಮುಂದಕ್ಕೆ ದಾಟಿಸುತ್ತಿದ್ದ ಈ ಠಾಣೆಯ ನೌಕರರೇ ಬಿಡುವಿನಲ್ಲಿ ಬೂಟು ಕಟ್ಟಿ ಮೈದಾನಕ್ಕೆ ಇಳಿಯುತ್ತಿದ್ದರು. 1898ರಲ್ಲಿ ಒಮ್ಮೆ ಅವರನ್ನು ಸೋಲಿಸಿದ್ದು ಕಾಸಾ ಪಿಯಾದ ಹುಡುಗರು.

ಕಾಸಾ ಪಿಯಾ ಎಂದರೆ ಅನಾಥಾಲಯ. 1755ರ ಭೀಕರ ಭೂಕಂಪದ ಬಳಿಕ ಬೀದಿಗೆ ಬಿದ್ದ ಮಕ್ಕಳ ಸಮಸ್ಯೆ ಲಿಸ್ಬನ್ನನ್ನು ಬಹುಕಾಲ ಕಾಡಿತು. 1780ರಲ್ಲಿ ಈ ಸಂಸ್ಥೆ ಹುಟ್ಟಿತು. ಮುಂದೆ ಜೆರೊನಿಮೊಸ್ ಮಠದ ಕಟ್ಟಡಕ್ಕೇ ಬಂದು ನೆಲೆಸಿತು. ಅಲ್ಲಿ ಮಕ್ಕಳಿಗೆ ಕಸುಬು, ಓದು, ಆಟ ಮೂರನ್ನೂ ಕಲಿಸುತ್ತಿದ್ದರು. ಫಾರ್ಮಾಸಿಯಾ ಫ್ರಾಂಕೊದಲ್ಲಿ ಸೇರಿದವರಲ್ಲಿ ಅಲ್ಲಿ ಕಲಿತು ಹೊರಬಂದವರು ಅನೇಕರು. ದಾಮಿಯಾವ್ ಕೂಡ ಅಲ್ಲೇ ಬೆಳೆದವರು. ಇಂಗ್ಲಿಷರ ಆಟವನ್ನು ಇಂಗ್ಲಿಷರ ನೆರವಿಲ್ಲದೆ ಆಡಿ ಗೆಲ್ಲಬೇಕು, ತಂಡದಲ್ಲಿ ಪೋರ್ಚುಗೀಸರು ಮಾತ್ರ ಇರಬೇಕು ಎಂಬ ಅವರ ಹಟ ಎಲ್ಲಿಂದ ಬಂತೆಂದು ಇದರಿಂದ ತಿಳಿಯುತ್ತದೆ.

ಹಟ ಇತ್ತು, ಹಣ ಇರಲಿಲ್ಲ. ಅಂಗಿಗೆ ಕೆಂಪು ಬಣ್ಣ ಸೂಚಿಸಿದವರು ಜೊಸೆ ದ ಕ್ರುಜ್ ವಿಯೆಗಾಸ್. ಓಡುವ ಭರದಲ್ಲಿ ತನ್ನ ಕಡೆಯವನು ಯಾರೆಂದು ಥಟ್ಟನೆ ಕಣ್ಣಿಗೆ ಬೀಳಬೇಕು ಎಂಬುದು ಕಾರಣ. ಲಾಂಛನಕ್ಕೆ ಹದ್ದು, ಧ್ಯೇಯವಾಕ್ಯಕ್ಕೆ ‘ಹಲವರಿಂದ ಒಂದು’ ಎಂಬ ಅರ್ಥದ ಲ್ಯಾಟಿನ್ ಮಾತು. ಮೈದಾನ ಮಾತ್ರ ಇಲ್ಲ. ಬೆಲೆಂನಲ್ಲಿ ‘ನ್ಯಾಯಾಧೀಶರ ಜಮೀನು’ ಎಂಬರ್ಥದ ಹೆಸರಿನ ಬಯಲೊಂದಿತ್ತು, ಅಭ್ಯಾಸವೆಲ್ಲ ಅಲ್ಲೇ. ಹುಲ್ಲಿಲ್ಲದ ಮಣ್ಣು ನೆಲ. ಮಳೆ ಬಂದರೆ ಕೆಸರು, ಬಿಸಿಲಾದರೆ ದೂಳು. ಆಟ ಮುಗಿದ ಮೇಲೆ ಮೈ ತೊಳೆಯಲು ಒಂದು ಬಚ್ಚಲೂ ಇರಲಿಲ್ಲ.

ಇಷ್ಟರ ನಡುವೆಯೂ ಅವರು ಆಡಿದರು, ಚೆನ್ನಾಗಿಯೇ ಆಡಿದರು. 1906-07ರ ಋತುವಿನಲ್ಲಿ, ವರ್ಷಗಟ್ಟಲೆ ಸೋಲು ಕಾಣದಿದ್ದ ಕಾರ್ಕವೆಲೊಸ್ ತಂಡವನ್ನು ಮಣಿಸಿದಾಗ ಲಿಸ್ಬನ್ನಿನ ಜನ ಈ ಕೆಂಪಂಗಿಯವರ ಹೆಸರು ಕಲಿತರು.

ಗೆದ್ದದ್ದೇ ಕಷ್ಟಕ್ಕೆ ಬಂತು. ಹಿಂದಿನ ವರ್ಷ, 1906ರ ಜುಲೈ 1ರಂದು, ನಗರದಲ್ಲಿ ಸ್ಪೋರ್ಟಿಂಗ್ ಎಂಬ ಇನ್ನೊಂದು ಕ್ಲಬ್ ಹುಟ್ಟಿತ್ತು. ಸ್ಥಾಪಕ ಜೊಸೆ ಅಲ್ವಲಾಡೆ ಎಂಬ ಯುವಕ. ಬೆನ್ನಿಗೆ ವೈಕೌಂಟ್ ಬಿರುದಿನ ತಾತನ ಹಣ, ಜಮೀನು. ಒಳ್ಳೆಯ ಮೈದಾನ, ಟೆನಿಸ್ ಅಂಕಣ, ಸ್ನಾನದ ಕೋಣೆ ಎಲ್ಲ ಅಲ್ಲಿತ್ತು. 1907ರಲ್ಲಿ ಸ್ಪೋರ್ಟ್ ಲಿಸ್ಬೋವಾದ ಎಂಟು ಆಟಗಾರರು ಒಟ್ಟಿಗೆ ಅಲ್ಲಿಗೆ ಹೊರಟುಹೋದರು. ಮೊದಲ ಅಧ್ಯಕ್ಷರ ಸೋದರರಾದ ಆಂಟೊನಿಯೊ ಮತ್ತು ಕಾಂಡಿಡೊ ಅವರಲ್ಲಿದ್ದರು. ಕೆಂಪು ಬಣ್ಣವನ್ನು ಆರಿಸಿಕೊಟ್ಟ ಕ್ರುಜ್ ವಿಯೆಗಾಸ್ ಕೂಡ ಇದ್ದರು.

ಈ ಎಂಟು ಜನರನ್ನು ದ್ರೋಹಿಗಳೆಂದು ಬಣ್ಣಿಸುವ ಚಾಳಿ ಬೆನ್ಫಿಕಾ ಅಭಿಮಾನಿಗಳಲ್ಲಿದೆ. ಅದು ನ್ಯಾಯವಲ್ಲ. ಆಗ ಯಾರಿಗೂ ಸಂಬಳವಿರಲಿಲ್ಲ, ಕರಾರಿರಲಿಲ್ಲ. ಯಾರ ಬಳಿಯೂ ಅವರು ಸಾಲ ಉಳಿಸಿ ಹೋಗಲಿಲ್ಲ. ವಾರವಿಡೀ ದುಡಿದು ಭಾನುವಾರ ಆಡುವ ಹುಡುಗನಿಗೆ ಹುಲ್ಲಿನ ಅಂಗಳ, ಮೈಗೆ ನೀರು ಬೇಕೆನ್ನಿಸುವುದು ತಪ್ಪಲ್ಲ. ಕ್ಲಬ್ ಎಂಬುದು ಬರೀ ಭಾವನೆಯಿಂದ ನಡೆಯುವುದಿಲ್ಲ, ನೆಲ ಬೇಕು, ಸೂರು ಬೇಕು ಎಂಬ ಸತ್ಯವನ್ನು ಅವರು ಕಾಲಿನಲ್ಲಿ ಹೇಳಿ ಹೋದರು. ಹಾಗೆ ನೋಡಿದರೆ ಮುಂದಿನ ವರ್ಷದ ವಿಲೀನಕ್ಕೆ ದಾರಿ ತೋರಿದವರೇ ಅವರು.

ಆದರೆ ನೋವಂತೂ ನಿಜ. 1907ರ ಡಿಸೆಂಬರ್ 1ರಂದು ಎರಡೂ ತಂಡಗಳು ಕಾರ್ಕವೆಲೊಸ್‌ನಲ್ಲಿ ಮೊದಲ ಸಲ ಎದುರಾದವು. ಮತ್ತೆ ಭಾನುವಾರವೇ. ಮೊದಲ ಗೋಲು ಹೊಡೆದವರು ಕಾಂಡಿಡೊ ರೋಸಾ ರೊಡ್ರಿಗೆಸ್, ತಮ್ಮ ಹಳೆಯ ತಂಡದ ಮೇಲೆಯೇ. ಕೊರ್ಗಾ ಎಂಬ ಆಟಗಾರ ಸಮ ಮಾಡಿದರು. ಗೆಲುವಿನ ಗೋಲು ಸ್ಪೋರ್ಟಿಂಗ್‌ನ ಯಾವ ಕಾಲಿನಿಂದಲೂ ಬರಲಿಲ್ಲ; ಚೆಂಡನ್ನು ತಮ್ಮದೇ ಬಲೆಗೆ ಸೇರಿಸಿದವರು ಕೋಸ್ಮೆ ದಾಮಿಯಾವ್. ಸ್ಪೋರ್ಟಿಂಗ್‌ಗೆ 2-1. ಗೆಳೆಯರು ಬಿಟ್ಟುಹೋದ ವರ್ಷವೇ ಅವರೆದುರು ತನ್ನ ಕೈಯಾರೆ ಸೋತ ಆ 22ರ ಯುವಕ ಅಂದು ಸಂಜೆ ಕ್ಲಬ್ಬಿನ ಬಾಗಿಲು ಹಾಕಿ ಮನೆಗೆ ಹೋಗಿದ್ದರೆ ಯಾರೂ ಬೈಯುತ್ತಿರಲಿಲ್ಲ.

ಅವರು ಬಾಗಿಲು ಹಾಕಲಿಲ್ಲ. ಫೆಲಿಕ್ಸ್ ಬೆರ್ಮುಡೆಸ್, ಮಾರ್ಕೊಲಿನೊ ಬ್ರಗಾನ್ಸಾರಂಥ ಕೆಲವರನ್ನು ಜೊತೆಗೆ ಕಟ್ಟಿಕೊಂಡು, ಎರಡನೇ ತಂಡದಲ್ಲಿ ಆಡುತ್ತಿದ್ದ ಹುಡುಗರನ್ನೇ ಮೊದಲ ತಂಡವಾಗಿ ನಿಲ್ಲಿಸಿದರು. ಲೆಕ್ಕಕ್ಕೆ ಇಲ್ಲದವರೆನಿಸಿಕೊಂಡವರು ಕ್ಲಬ್ಬಿನ ಲೆಕ್ಕ ಉಳಿಸಿದರು. ಬೆನ್ಫಿಕಾದ ಕಥೆಯಲ್ಲಿ ಮುಂದೆ ಬಂದ ಯಾವ ಕಪ್ಪಿಗಿಂತಲೂ ದೊಡ್ಡದು ಈ ಚಳಿಗಾಲ.

ಇನ್ನು ವಿಲೀನದ ಮಾತು. ನಗರದ ಇನ್ನೊಂದು ಅಂಚಿನಲ್ಲಿ, ಆಗಿನ್ನೂ ತೋಟ-ಹೊಲಗಳ ಊರಾಗಿದ್ದ ಬೆನ್ಫಿಕಾದಲ್ಲಿ, 1906ರ ಜುಲೈ 26ರಂದು ‘ಗ್ರೂಪೊ ಸ್ಪೋರ್ಟ್ ಬೆನ್ಫಿಕಾ’ ಹುಟ್ಟಿತ್ತು. ಅವರ ಮುಖ್ಯ ಆಟ ಸೈಕಲ್ ಓಟ. ಫೇಟೈರಾ ಎಂಬಲ್ಲಿ ಮೈದಾನ ಇತ್ತು, ಕಚೇರಿಗೆ ಮನೆ ಇತ್ತು, ಆಡಳಿತ ಗೊತ್ತಿದ್ದ ಹಿರಿಯರಿದ್ದರು. ಹೆಸರು ಮಾಡಿದ ಫುಟ್‌ಬಾಲ್ ತಂಡ ಇರಲಿಲ್ಲ. ಇತ್ತ ತಂಡ ಉಂಟು, ನೆಲ ಇಲ್ಲ. ಅತ್ತ ನೆಲ ಉಂಟು, ತಂಡ ಇಲ್ಲ. ಎರಡೂ ಕಡೆ ಸದಸ್ಯರಾಗಿದ್ದವರು ಕೆಲವರಿದ್ದರು. ಮಾತುಕತೆಗೆ ಸೇತುವೆಯಾದವರು ಅವರೇ. 1908ರ ಸೆಪ್ಟೆಂಬರ್ 13ರಂದು, ಅದೂ ಭಾನುವಾರ, ಒಪ್ಪಂದವಾಯಿತು.

ಆ ಒಪ್ಪಂದದ ಹಂಚಿಕೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಫುಟ್‌ಬಾಲ್ ತಂಡ, ಕೆಂಪಂಗಿ, ಹದ್ದು, ಧ್ಯೇಯವಾಕ್ಯ ಇವು ಬೆಲೆಂನವರವು. ಮೈದಾನ, ಮನೆ, ಆಡಳಿತದ ಪ್ರಮುಖರು ಬೆನ್ಫಿಕಾದವರು. ಹೊಸ ಅಧ್ಯಕ್ಷ ಜೊವಾವ್ ಜೊಸೆ ಪಿರೆಸ್ ಕೂಡ ಅವರ ಕಡೆಯವರೇ. ಹೆಸರಿನಲ್ಲಿ ಇಬ್ಬರಿಗೂ ಜಾಗ. ಲಾಂಛನಕ್ಕೆ ಒಂದು ಸೈಕಲ್ ಚಕ್ರ ಸೇರಿತು, ಇವತ್ತಿಗೂ ಅದು ಹದ್ದಿನ ಕೆಳಗೆ ಇದೆ. ಕೋಟಿಗಟ್ಟಲೆ ಹಣ ಹರಿಯುವ ಫುಟ್‌ಬಾಲ್ ಕ್ಲಬ್ಬೊಂದರ ಎದೆಯ ಮೇಲೆ ಸೈಕಲ್ ಚಕ್ರ ಏಕಿದೆ ಎಂದು ಕೇಳುವ ಪ್ರತಿ ಮಗುವಿಗೂ ಫೇಟೈರಾದವರ ಹೆಸರು ಹೇಳಲೇಬೇಕಾಗುತ್ತದೆ. ಹಾಗೆ ನೆನಪಿಡುವುದು ಅಪರೂಪದ ಗುಣ. ಎರಡು ಸಂಸ್ಥೆ ಕೂಡಿದಾಗ ದೊಡ್ಡದು ಚಿಕ್ಕದನ್ನು ನುಂಗಿ, ಹೆಸರನ್ನೂ ಉಳಿಸದೆ ತೇಗುವುದೇ ಹೆಚ್ಚು.

ಹುಟ್ಟಿದ ದಿನವನ್ನೂ ಇಬ್ಬರೂ ಕೂತು ಒಪ್ಪಿಕೊಂಡರು. ಆಟದಿಂದ ಊರಿಗೆಲ್ಲ ಗೊತ್ತಿದ್ದ ಸ್ಪೋರ್ಟ್ ಲಿಸ್ಬೋವಾದ 1904ರ ಫೆಬ್ರುವರಿ 28ನ್ನೇ ಉಳಿಸಿಕೊಳ್ಳುವುದು ಎಂದು. ವಾದಿಸುವವರು ಮರೆಯುವುದು ಇದನ್ನು. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿದ ಮೇಲಷ್ಟೇ ತುಂಗಭದ್ರೆ ಎನ್ನುತ್ತೇವಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಬೆನ್ಫಿಕಾದ್ದು ಕಾವೇರಿಯ ಲೆಕ್ಕ. ಹೇಮಾವತಿ ಬಂದು ಸೇರಿದಳೆಂದು ಯಾರೂ ತಲಕಾವೇರಿಯನ್ನು ಬಿಟ್ಟುಕೊಡುವುದಿಲ್ಲ. 1907ರಲ್ಲಿ ಕೆಂಪಂಗಿ ತೊಟ್ಟು ಸೋತವರೇ 1908ರ ಬಳಿಕವೂ ಅದೇ ಅಂಗಿ ತೊಟ್ಟು ಇಳಿದರು. 1909-10ರಲ್ಲಿ ಅವರು ಲಿಸ್ಬನ್ ಚಾಂಪಿಯನ್ನರಾದರು. ಅದಕ್ಕೆ ಮುಂಚಿನ ಮೂರೂ ವರ್ಷ ಆ ಪಟ್ಟ ಕಾರ್ಕವೆಲೊಸ್ ಇಂಗ್ಲಿಷರ ಕೈಯಲ್ಲಿತ್ತು.

‘ಪೋರ್ಚುಗೀಸರು ಮಾತ್ರ’ ಎಂಬ ನಿಯಮದ ಬಗ್ಗೆಯೂ ಒಂದು ಮಾತು ಹೇಳಬೇಕು. 1904ರಲ್ಲಿ ಅದು ಸ್ವಾಭಿಮಾನದ ಮಾತು, ಸಂಶಯವಿಲ್ಲ. ಮುಂದೆ ಅದೇ ನಿಯಮ ಬೇರೆ ಅರ್ಥ ಪಡೆಯಿತು. 1961 ಮತ್ತು 1962ರಲ್ಲಿ ಯುರೋಪಿಯನ್ ಕಪ್ ಗೆದ್ದ ಬೆನ್ಫಿಕಾದಲ್ಲಿ ಮೊಜಾಂಬಿಕ್‌ನ ಕೊಲುನಾ ಇದ್ದರು, ಎರಡನೇ ಸಲ ಯೂಸೇಬಿಯೊ ಕೂಡ ಇದ್ದರು. ಅಂಗೋಲಾದಲ್ಲಿ ಹುಟ್ಟಿದ ಜೊಸೆ ಆಗ್ವಾಸ್ ನಾಯಕರಾಗಿದ್ದರು. ವಸಾಹತಿನ ಪ್ರಜೆಯೂ ಪೋರ್ಚುಗೀಸನೇ ಎಂಬುದು ಸರ್ಕಾರದ ಘೋಷಣೆ. ಆ ಸರ್ಕಾರ ಗೋವೆಯ ಬಗ್ಗೆ ಹೇಳುತ್ತಿದ್ದದ್ದೂ ಅದನ್ನೇ. ಮೊದಲ ಕಪ್ ಬಂದ ವರ್ಷದ ಡಿಸೆಂಬರಿನಲ್ಲೇ ಗೋವೆ ಬಿಡುಗಡೆಯಾಯಿತು. ಔಷಧಿ ಅಂಗಡಿಯ ಹುಡುಗರು ಬಲಿಷ್ಠರ ಎದುರು ಎತ್ತಿಹಿಡಿದ ಮಾತನ್ನು ಸಾಮ್ರಾಜ್ಯವೊಂದು ತನ್ನ ಮುಖವಾಡ ಮಾಡಿಕೊಂಡದ್ದು ಬೇಸರದ ಸಂಗತಿ. ಕ್ಲಬ್ಬಿನ ಸದಸ್ಯರು ಮತ ಹಾಕಿ ಆ ನಿಯಮವನ್ನು ತೆಗೆದದ್ದು 1978ರಲ್ಲಿ.

ನೆಲದ ಪಾಡು ವಿಲೀನದಿಂದಲೂ ಪೂರ್ತಿ ಬಗೆಹರಿಯಲಿಲ್ಲ. ಫೇಟೈರಾ ಬಾಡಿಗೆಯ ಜಾಗ. 1913ರಲ್ಲಿ ಸೆತೆ ರಿಯೋಸ್‌ಗೆ ಹೋದರು. ಬಾಡಿಗೆ ಏರಿತು, ಕೊಡಲಾರೆವೆಂದು 1917ರಲ್ಲಿ ಮತ್ತೆ ಗಂಟುಮೂಟೆ ಕಟ್ಟಿದರು. ಸ್ವಂತದ್ದೆಂಬ ಕ್ರೀಡಾಂಗಣ ಅಮೊರೈರಾಸ್‌ನಲ್ಲಿ ಎದ್ದಾಗ 1925. ಬಚ್ಚಲಿಲ್ಲವೆಂದು ಎಂಟು ಜನ ಎದ್ದುಹೋದ ಕ್ಲಬ್ಬಿಗೆ ತನ್ನ ನೆಲದ ಮೇಲೆ ನಿಲ್ಲಲು 21 ವರ್ಷ ಬೇಕಾಯಿತು. ಅಷ್ಟೂ ಕಾಲ ಅದನ್ನು ಹಿಡಿದಿಟ್ಟದ್ದು ತಿಂಗಳ ವಂತಿಗೆ ಕೊಡುವ ಸಾಮಾನ್ಯ ಸದಸ್ಯರು. ಇವತ್ತಿಗೂ ಅಧ್ಯಕ್ಷರನ್ನು ಆರಿಸುವವರು ಆ ಸದಸ್ಯರೇ, ಹಳೆಯ ಸದಸ್ಯರಿಗೆ ಹೆಚ್ಚು ಮತ. 2006ರಲ್ಲಿ ಗಿನ್ನೆಸ್ ದಾಖಲೆಗೆ ಎಣಿಸಿದಾಗ ಅವರ ಸಂಖ್ಯೆ 1,60,398.

ದಾಮಿಯಾವ್ ಆಡಿದರು, ನಾಯಕರಾದರು, 1908ರಿಂದ 1926ರವರೆಗೆ 18 ವರ್ಷ ತರಬೇತುದಾರರಾಗಿ ತಂಡ ಕಟ್ಟಿದರು. ಕ್ಲಬ್ಬಿನ ಅಧ್ಯಕ್ಷರ ಕುರ್ಚಿಯಲ್ಲಿ ಮಾತ್ರ ಎಂದೂ ಕೂರಲಿಲ್ಲ. 1947ರಲ್ಲಿ ತೀರಿಕೊಂಡರು. 2013ರಲ್ಲಿ ಬೆನ್ಫಿಕಾ ತನ್ನ ಕಪ್ಪುಗಳನ್ನೆಲ್ಲ ಒಂದು ಸೂರಿನಡಿ ಇಟ್ಟು ವಸ್ತುಸಂಗ್ರಹಾಲಯ ತೆರೆದಾಗ ಬಾಗಿಲ ಮೇಲೆ ಬರೆಸಿದ್ದು ಯಾವ ಅಧ್ಯಕ್ಷರ ಹೆಸರನ್ನೂ ಅಲ್ಲ, ನಡಾವಳಿ ಬರೆದ ಆ ಹುಡುಗನ ಹೆಸರನ್ನು.