ಹಾನಗಲ್ಲಿನ ಹೆಸರು ಹೊತ್ತ ದನಿಯನ್ನು ನೆನೆಯುವಾಗ

ಗಂಗೂಬಾಯಿ ಹಾನಗಲ್ಲರು ತೀರಿಕೊಂಡದ್ದು 2009ನೆಯ ಇಸವಿಯ ಜುಲೈ 21ರಂದು, ಹುಬ್ಬಳ್ಳಿಯಲ್ಲಿ. ಆಗ ಅವರಿಗೆ 96 ವರ್ಷ. ಜುಲೈ ಬಂದಿತೆಂದರೆ ಅವರ ಹಾಡು ಕೇಳಿದವರು ಈಗಲೂ ನೆನಪಿನ ಗಂಟು ಬಿಚ್ಚುತ್ತಾರೆ. ಅಕ್ಕಿ ಗಿರಣಿಯ ಹಮಾಲರಿಂದ ಹಿಡಿದು ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕುಳಿತವರವರೆಗೆ ಹಲವರ ಬಳಿ ಒಂದಲ್ಲ ಒಂದು ಮಾತಿದೆ. ಒಬ್ಬರು ಧಾರವಾಡ ಆಕಾಶವಾಣಿಯಲ್ಲಿ ಕೇಳಿದ್ದರು. ಇನ್ನೊಬ್ಬರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ರಾತ್ರಿ ಕಂಬಳಿ ಹೊದ್ದು ಕುಳಿತು ಕೇಳಿದ್ದರು. ರೇಡಿಯೋದಲ್ಲಿ ಮೊದಲ ಸಲ ಕೇಳಿ, ಇದು ಗಂಡಸಿನ ದನಿಯೇ ಸೈ ಎಂದು ಪಣ ಕಟ್ಟಿ ಚಹದ ದುಡ್ಡು ಸೋತವರೂ ಇದ್ದಾರೆ.

ಒಳ್ಳೆಯದು. ಸರಕಾರ ನೆನೆಯುವ ರೀತಿ ಬೇರೆ, ಕೇಳಿದವರು ನೆನೆಯುವ ರೀತಿ ಬೇರೆ. ಸರಕಾರಕ್ಕೆ 1971ರ ಪದ್ಮಭೂಷಣ, 2002ರ ಪದ್ಮವಿಭೂಷಣ ನೆನಪಿರುತ್ತವೆ. ಮೈಸೂರಿನ ಸಂಗೀತ ವಿಶ್ವವಿದ್ಯಾನಿಲಯಕ್ಕೆ ಅವರ ಹೆಸರನ್ನೂ ಇಟ್ಟಾಗಿದೆ. ಕೇಳಿದವನಿಗೆ ನೆನಪಿರುವುದು ಒಂದು ರಾತ್ರಿ, ಒಂದು ಆಲಾಪ. ಆದರೆ ಈ ಎರಡೂ ಬಗೆಯ ನೆನಪಿನಲ್ಲಿ ಒಂದು ಸಂಗತಿ ಬಿಟ್ಟು ಹೋಗುತ್ತಿದೆ. ಅದು ಸುಮ್ಮನೆ ಬಿಟ್ಟು ಹೋದದ್ದಲ್ಲ ಎಂಬುದೇ ನಮ್ಮ ತಕರಾರು.

ಬಿಟ್ಟು ಹೋದದ್ದು ಗಂಗೂಬಾಯಿಯವರು ತಾವೇ ಬಾಯಿಬಿಟ್ಟು ಹೇಳಿದ ನೆನಪುಗಳು. ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಹಾನಗಲ್ಲು ಮನೆತನದ ಮೂಲ ಊರು. (ಊರು ಅವರಿಗೆ ಕೊಟ್ಟದ್ದಕ್ಕಿಂತ ಅವರು ಊರಿಗೆ ಕೊಟ್ಟದ್ದೇ ಹೆಚ್ಚೆಂದು ಹಾನಗಲ್ಲಿನವರು ಒಪ್ಪಿಯಾರು.) ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಹಾಡುವ ಹೆಂಗಸರ ಮನೆಯೆಂದರೆ ಆ ಕಾಲದ ಸಭ್ಯರಿಗೆ ರಾತ್ರಿ ಬೇಕು, ಹಗಲು ಬೇಡ. ಹುಡುಗಿಯಾಗಿದ್ದಾಗ ನೆರೆಯ ಶ್ರೀಮಂತರ ತೋಟದಲ್ಲಿ ಮಕ್ಕಳು ಮಾವಿನಕಾಯಿ ಕದ್ದರಂತೆ. ಕಳವಿಗೆ ಯಾರೂ ಸಿಟ್ಟಾಗಲಿಲ್ಲ. ಹಾಡುವವಳ ಮಗಳು ತಮ್ಮ ಆವರಣದಲ್ಲಿ ಕಾಲಿಟ್ಟಳೆಂದು ಸಿಟ್ಟಾದರು. ಮುಂದೆ ಕೀರ್ತಿ ಬಂದ ಮೇಲೆ ಅಂಥವರೇ ಊಟಕ್ಕೆ ಕರೆದರು.

1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಅಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ 11 ವರ್ಷದ ಗಂಗೂ ಇದ್ದಳು. ಇಷ್ಟನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಗಂಗೂಬಾಯಿಯವರು ಹೇಳುತ್ತಿದ್ದುದು ಇನ್ನೂ ಒಂದು ಮಾತು: ಊಟವಾದ ಮೇಲೆ ತಮ್ಮ ಜಾತಿಯ ಕಾರಣ ಎಂಜಲೆಲೆ ತೆಗೆಯಲು ಹೇಳಿಯಾರೆಂಬ ಅಂಜಿಕೆ. ಸ್ವರಾಜ್ಯದ ಪೆಂಡಾಲಿನಲ್ಲಿ ನಿಂತು ಹಾಡಿದ ಮಗುವಿನ ಹೊಟ್ಟೆಯೊಳಗೆ ಈ ಅಂಜಿಕೆ ಇದ್ದಿತು. ಭಾಷಣಗಳಲ್ಲಿ ಮೊದಲರ್ಧ ಉಳಿದು ಎರಡನೆಯ ಅರ್ಧ ಏಕೆ ಉದುರಿ ಹೋಗುತ್ತದೆ? ಹೇಳಿದರೆ ಹೇಳುವವರ ಅಜ್ಜಂದಿರ ಹೆಸರೂ ಬರುತ್ತದಲ್ಲ!

ಇನ್ನು ಎರಡನೆಯ ತಕರಾರು. ಅಭಿಮಾನಿಗಳಲ್ಲಿ ಅನೇಕರು ಆ ದನಿ ದೈವದ ವರ, ಸರಸ್ವತಿಯ ಕೃಪೆ ಎನ್ನುತ್ತಾರೆ. ಭಕ್ತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ದುಡಿಮೆಯನ್ನು ದೇವರ ಲೆಕ್ಕಕ್ಕೆ ಜಮಾ ಮಾಡಿದರೆ ದುಡಿದವನ ಖಾತೆಯಲ್ಲಿ ಏನು ಉಳಿಯಿತು? 1928ರಲ್ಲಿ ಮಗಳ ಹಿಂದೂಸ್ಥಾನಿ ಕಲಿಕೆಗಾಗಿ ಮನೆಯೇ ಹುಬ್ಬಳ್ಳಿಗೆ ಬಂದಿತು. ಮಗಳ ಕಂಠದಲ್ಲಿ ಕರ್ನಾಟಕಿಯ ನೆರಳು ಬೀಳಬಾರದೆಂದು ತಾಯಿ ತನ್ನ ಹಾಡನ್ನೇ ಬಿಟ್ಟಳು. ಸವಾಯಿ ಗಂಧರ್ವರು ನಾಟಕ ಕಂಪನಿ ಬಿಟ್ಟು ಕುಂದಗೋಳದಲ್ಲಿ ನೆಲೆ ನಿಂತ ಮೇಲೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗುತ್ತಿದ್ದರು. ಪಾಠ ಮುಗಿದ ಹೊತ್ತಿಗೆ ಕತ್ತಲು. ಗುರುವಿನ ಮನೆಯಲ್ಲಿದ್ದ ಹುಡುಗ ಭೀಮಸೇನ ಜೋಶಿ ಸ್ಟೇಶನ್ನಿನವರೆಗೆ ಜೊತೆಗೆ ಬಂದು ರೈಲು ಹತ್ತಿಸುತ್ತಿದ್ದರು. ಹೀಗೆ ಒಂದು ದಿನವಲ್ಲ, ವರ್ಷಗಟ್ಟಲೆ. ಒಂದೊಂದು ಸ್ವರವನ್ನೂ ಜಿಪುಣ ದುಡ್ಡು ಬಿಚ್ಚುವಂತೆ ಲೆಕ್ಕವಿಟ್ಟು ಬಿಚ್ಚಬೇಕೆಂದು ಗುರುಗಳು ಕಲಿಸಿದರೆಂದು ಅವರೇ ಹೇಳುತ್ತಿದ್ದರು. ನಮ್ಮ ವ್ಯಾಪಾರಿ ಬಂಧುಗಳಿಗೆ ಈ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ.

ಗಂಟಲಿನ ಚಿಕಿತ್ಸೆಯ ತರುವಾಯ ದನಿ ಗಡುಸಾಯಿತು. ಬೇರೆಯವರಾಗಿದ್ದರೆ ಹಾಡು ಮುಗಿಯಿತೆಂದು ಕೂಡುತ್ತಿದ್ದರು. ಅವರು ಒಡೆದ ದನಿಯನ್ನೇ ಹಿಡಿದು ದುಡಿದರು. ಸಂಸಾರದ ಭಾರವೂ ಆ ದನಿಯ ಮೇಲೆಯೇ ನಿಂತಿದ್ದಿತು. ಮಗಳು ಕೃಷ್ಣಾ ಹಿಂದೆ ಕುಳಿತು ದನಿಗೂಡಿಸುತ್ತಿದ್ದಳು. 2004ರಲ್ಲಿ ಆ ಮಗಳೂ ಹೋದಳು. ಅದರ ಮೇಲೂ 2006ರಲ್ಲಿ, 93ನೆಯ ವಯಸ್ಸಿನಲ್ಲಿ, ವೇದಿಕೆ ಹತ್ತಿ ಹಾಡಿದರು. ಇದು ವರವಾದರೆ ಮಗ್ಗದವನ ಬಟ್ಟೆಯೂ ವರವೇ.

ಮತ್ತೊಂದು ಮಾತನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಹಾಡುವವನು ಮುಸಲ್ಮಾನನಾದರೆ ಉಸ್ತಾದ, ಹಿಂದುವಾದರೆ ಪಂಡಿತ. ಕೇಸರಬಾಯಿ, ಮೋಗೂಬಾಯಿಯಂಥವರು ಮಾತ್ರ ಕೊನೆಯವರೆಗೂ ಬಾಯಿ. ಜಾತಿಯ ಕಟ್ಟು, ಹೆಣ್ಣಿನ ಕಟ್ಟು ಇವೆರಡನ್ನೂ ಒಟ್ಟಿಗೆ ಬಿಚ್ಚದೆ ಈ ದೇಶಕ್ಕೆ ಬಿಡುಗಡೆಯಿಲ್ಲವೆಂದು ಡಾ. ಲೋಹಿಯಾ ಪುಸ್ತಕ ಬರೆದು, ಭಾಷಣ ಮಾಡಿ ಹೇಳಿದರು. ಗಂಗೂಬಾಯಿ ಅದನ್ನು ಮೂರು ಬಿರುದುಗಳಲ್ಲಿ ಹೇಳಿ ಮುಗಿಸಿದರು. ಹೋಗುವಾಗ ಕಣ್ಣುಗಳನ್ನೂ ದಾನ ಮಾಡಿ ಹೋದರು. ಪಡೆದವರು ಅವುಗಳ ಕುಲ ಕೇಳಿರಲಾರರು.

ಅವರನ್ನು ಎದುರಿಗೆ ಕುಳಿತು ಕೇಳಿದವರು ಈಗ ಮುಪ್ಪಾಗಿದ್ದಾರೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಅಂಥವರಿದ್ದರೆ ಪತ್ರಿಕೆಗೆ ನಾಲ್ಕು ಸಾಲು ಬರೆಯಲಿ. ಅಕ್ಷರ ಬಾರದವರು ಮೊಮ್ಮಕ್ಕಳಿಂದ ಬರೆಯಿಸಲಿ. ಯಾವ ರಾಗವೆಂದು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಎಲ್ಲಿ ಕುಳಿತು ಕೇಳಿದಿರಿ, ಪೆಂಡಾಲಿನ ಒಳಗೋ ಹೊರಗೋ, ಹೊರಗಾದರೆ ಏಕೆ ಹೊರಗೆ, ಅದನ್ನು ಮಾತ್ರ ಬಿಡಬೇಡಿರಿ.